ಕಂಪ್ಯೂಟರ್ ಕಲಿಯೋಕೆ ಪುಸ್ತಕ ಮೊದಲೋ, ವಿಡಿಯೊ ಮೊದಲೋ?

ನನ್ನ ಮನೆ ಹೊಸಪೇಟೆಗೆ ಅಂಟಿಕೊಂಡಿರುವ ಚಿತ್ತವಾಡ್ಗಿಯಲ್ಲಿ. ಸುತ್ತ ಕಾಲುವೆ ನೀರಿನ ಬಾಳೆ, ಕಬ್ಬು, ಭತ್ತ. ನನ್ನ ಹೊಲ ಮಾತ್ರ ಮರಿಯಮ್ಮನಹಳ್ಳಿ ಕಡೆಗೆ, ಗುಡ್ಡದ ಬುಡದಲ್ಲಿ. ಪೂರ್ತಿ ಮಳೆ ನೆಚ್ಚಿದ ಮಸಾರಿ ಭೂಮಿ. ಸಜ್ಜೆ, ಜೋಳ, ತೊಗರಿ. ಮಳೆ ಕೈ ಹಿಡಿದ ವರ್ಷ ಶೇಂಗಾ. ಓದಿದ್ದು ಏಳನೇ ಕ್ಲಾಸು. ಇಂಥವನು ಕಂಪ್ಯೂಟರ್ ಬಗ್ಗೆ ಬರೆಯೋದಾ ಅಂತ ನಗಬೇಡಿ. ಕೈ ಸುಟ್ಟುಕೊಂಡವನೇ ಬರೆದರೆ ಮಿಕ್ಕವರಿಗೆ ಉಪಯೋಗ ಅಂತ ಬರೆಯುತ್ತಿದ್ದೇನೆ.

2014ರಿಂದ ನಮ್ಮ ಹೊಲದ ಬದುವಿನ ಮೇಲೆ ಒಂದು ಮಳೆಮಾಪಕ ಇದೆ. ದಿನಾ ಬೆಳಿಗ್ಗೆ ಎಂಟೂವರೆಗೆ ಅಳತೆ. ನಾನು ಹೋಗದ ದಿನ ಪಕ್ಕದ ಹೊಲದ ಅಣ್ಣ ನೋಡಿ ಫೋನ್ ಮಾಡ್ತಾರೆ. ಪಂಚಾಯ್ತಿಯ ಮಳೆಮಾಪಕದ ಲೆಕ್ಕ ಸರ್ಕಾರದಿಂದ ಸಿಗುತ್ತದೆ ನಿಜ. ಆದರೆ ಗುಡ್ಡದ ಆ ಮಗ್ಗುಲು ಸುರಿದ ಮಳೆ ಈ ಮಗ್ಗುಲು ಹನಿಯೂ ಉದುರಿರೋದಿಲ್ಲ. ಒಣಬೇಸಾಯದವನಿಗೆ ತನ್ನ ಹೊಲದ ಲೆಕ್ಕವೇ ಲೆಕ್ಕ. ಯಾವ ಮಳೆಗೆ ಬಿತ್ತಿದೆ, ಎಷ್ಟು ದಿನ ಒಣ ಹೋಯ್ತು, ಯಾವ ತಳಿ ತಡಕೊಂಡಿತು ಅನ್ನೋದೆಲ್ಲ ಅದರ ಜೊತೆ ಕೂಡಿಸಿ ಬರೆದಿಟ್ಟಿದ್ದೆ. 2020ರ ತನಕ ನೋಟ್‌ಬುಕ್ಕಿನಲ್ಲಿ. ಆಮೇಲೆ ಕಂಪ್ಯೂಟರಿನಲ್ಲಿ.

ಈ ಕಂಪ್ಯೂಟರು ನಮ್ಮ ಹನ್ನೆರಡು ಜನರ ಬೀಜದ ಸಂಘದ್ದು. 2019ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು, ನಮ್ಮ ಮನೆಯಲ್ಲೇ ಇರುತ್ತದೆ. ಯಾರು ಯಾವ ಬೀಜ ಒಯ್ದರು, ಎಷ್ಟು ತಿರುಗಿ ಕೊಟ್ಟರು, ಯಾರ ಉಳಿತಾಯ ಎಷ್ಟು, ಎಲ್ಲ ಅದರೊಳಗೆ. ಬರೆದು ಕೂಡೋದು ನನ್ನ ಕೆಲಸ. ಕೂಡೋದು ಕಂಪ್ಯೂಟರೇ ಮಾಡುತ್ತದೆ ಅಂತ ಗೊತ್ತಾದ ಮೇಲೆ ನೋಟ್‌ಬುಕ್ ಬರೆಯೋದು ಬಿಟ್ಟೆ. ಇದು ನನ್ನ ಮೊದಲ ತಪ್ಪು.

ಅದರಲ್ಲಿ ಇದ್ದದ್ದು ವಿಂಡೋಸ್ 10. ಇಂಥದ್ದಕ್ಕೆ ಆಪರೇಟಿಂಗ್ ಸಿಸ್ಟಂ ಅನ್ನುತ್ತಾರೆ, ಕನ್ನಡದಲ್ಲಿ ಕಾರ್ಯಾಚರಣ ವ್ಯವಸ್ಥೆ. ನಮ್ಮ ಕಡೆಯವರಿಗೆ ತಿಳಿಯೋ ಹಾಗೆ ಹೇಳಬೇಕಂದ್ರೆ ಅದು ಕಾಲುವೆಯ ನೀರುಗಂಟಿ ಇದ್ದ ಹಾಗೆ. ಗದ್ದೆ ಅವನದಲ್ಲ, ಬೆಳೆ ಅವನದಲ್ಲ. ಯಾರಿಗೆ ಎಷ್ಟು ಹೊತ್ತು ನೀರು, ಯಾವ ತೂಬು ಯಾವಾಗ ತೆರೀಬೇಕು ಅನ್ನೋದು ಮಾತ್ರ ಅವನ ಕೈಲಿ. ಲೆಕ್ಕದ ಹಾಳೆ, ಪ್ರಿಂಟರು, ಕೀಲಿಮಣೆ, ಒಳಗಿನ ಡಿಸ್ಕು ಎಲ್ಲ ಅವನ ಮಾತು ಕೇಳಿಯೇ ನಡೀಬೇಕು.

ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ರಿಪೇರಿ, ಕಾವಲು ಎಲ್ಲ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಅದರ ತಮ್ಮ ವಿಂಡೋಸ್ 11 ನಮ್ಮ ಹಳೇ ಮಿಷನ್ನಿಗೆ ಹತ್ತೋದಿಲ್ಲ, ಅದಕ್ಕೆ ಹೊಸ ನಮೂನೆ ಪ್ರೊಸೆಸರು ಬೇಕು. ಸಂಘದಲ್ಲಿ ಹೊಸ ಕಂಪ್ಯೂಟರಿಗೆ ದುಡ್ಡಿಲ್ಲ. ಆಗ ಒಬ್ಬರು ಹೇಳಿದ್ದು ಲಿನಕ್ಸ್ ಮಿಂಟ್. ಪುಕ್ಕಟೆ, ಕಾನೂನಾಗಿಯೇ ಪುಕ್ಕಟೆ. ಎರಡು ಜಿಬಿ ಮೆಮೊರಿ ಇದ್ರೂ ನಡೀತದೆ, ನಮ್ಮದರಲ್ಲಿ ನಾಲ್ಕು ಇತ್ತು. ವಿಂಡೋಸ್ 10ನ್ನು ಇನ್ನೊಂದು ವರ್ಷ ಎಳೆಯಲು ಕಂಪನಿಯೇ ಒಂದು ದಾರಿ ಇಟ್ಟಿತ್ತು, ಅಂದರೆ ಇಷ್ಟು ಆತುರ ಬೇಕಿರಲಿಲ್ಲ ಅಂತ ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಹದಿನಾಲ್ಕು ನಿಮಿಷದ ಪಾಠ

ನವೆಂಬರಿನಲ್ಲಿ ತೊಗರಿ ಹೂ ಬಿಟ್ಟಿತ್ತು, ಕೆಲಸ ಕಡಿಮೆ. ಮೊಬೈಲಿನಲ್ಲಿ ಒಂದು ವಿಡಿಯೊ ಸಿಕ್ಕಿತು. ಹದಿನಾಲ್ಕು ನಿಮಿಷ. ಹೇಳುವವನು ಚುರುಕು ಹುಡುಗ, ಮಾತು ಸ್ಪಷ್ಟ. ಪೆನ್ ಡ್ರೈವ್ ಹೇಗೆ ಮಾಡಬೇಕು, ಯಾವ ಗುಂಡಿ ಒತ್ತಿ ಶುರು ಮಾಡಬೇಕು, ಎಲ್ಲ ತೋರಿಸಿದ. ಅವನು ಒತ್ತಿದ್ದನ್ನೇ ನಾನು ಒತ್ತುತ್ತಾ ಹೋದೆ. ಒಂದು ಕಡೆ 'ಡಿಸ್ಕ್ ಅಳಿಸಿ ಮಿಂಟ್ ಹಾಕು' ಅಂತ ಇಂಗ್ಲಿಷಿನಲ್ಲಿ ಬಂತು. ಅವನು ಅದನ್ನೇ ಆರಿಸಿದ. ಇದೇ ಸುಲಭ ಅಂದ. ಮಗಳು ಹಿಂದೆ ನಿಂತಿದ್ದಳು.

"ಅಪ್ಪಾ, ಅಳಿಸು ಅಂತೈತಿ ನೋಡು" ಅಂದ್ಳು.

"ವಿಂಡೋಸ್ ಅಳಸ್ತೈತವ್ವ. ನಮ್ಮ ಲೆಕ್ಕ ಎಲ್ಲ ಡಿ ಒಳಗೈತಿ. ಸಿ ಹೋದ್ರೆ ಡಿಗೇನಾಗ್ತೈತಿ?" ಅಂದೆ.

ಒತ್ತಿದೆ. ಅರ್ಧ ತಾಸಿನಲ್ಲಿ ಹೊಸ ಪರದೆ, ಎಲೆಹಸಿರು ಬಣ್ಣ, ಚೆಂದ ಕಾಣಿಸಿತು. ಡಿ ಹುಡುಕಿದೆ. ಇಲ್ಲ. ಆಗ ಹೊಟ್ಟೆಯೊಳಗೆ ಏನೋ ಕಳಚಿದ ಹಾಗಾಯಿತು.

ಸಿ, ಡಿ ಅಂದರೆ ಎರಡು ಬೇರೆ ಬೇರೆ ಡಿಸ್ಕು ಅಂತ ನಾನು ಆರು ವರ್ಷದಿಂದ ತಿಳಿದಿದ್ದೆ. ಅಲ್ಲ. ಡಿಸ್ಕು ಅಂದರೆ ಒಂದು ಸರ್ವೆ ನಂಬರು. ಸಿ, ಡಿ ಅದರೊಳಗಿನ ಹಿಸ್ಸೆಗಳು. ನಡುವೆ ಇರೋದು ಬರೇ ಒಂದು ಬದು. 'ಹಿಸ್ಸೆ ಅಳಿಸು' ಅನ್ನೋದು ಬೇರೆ, 'ಡಿಸ್ಕ್ ಅಳಿಸು' ಅನ್ನೋದು ಬೇರೆ. ನಾನು ಮಾಡಿದ್ದು ಬದು ಸಮೇತ ಇಡೀ ಸರ್ವೆ ನಂಬರು ಹರಗಿದ ಕೆಲಸ. ವಿಡಿಯೊದ ಹುಡುಗ ಸುಳ್ಳು ಹೇಳಲಿಲ್ಲ. ಅವನ ಡಿಸ್ಕ್ ಖಾಲಿ ಇತ್ತು, ಅವನಿಗೆ ಅದೇ ಸುಲಭ. ನನ್ನದರಲ್ಲಿ ಏನಿದೆ ಅಂತ ಅವನಿಗೇನು ಗೊತ್ತು?

ಹೊಟ್ಟೆ ಉರಿಸಿದ್ದು ಇದಲ್ಲ, ಇನ್ನೊಂದು. ವಾರ ಕಳೆದ ಮೇಲೆ ಟ್ರಂಕಿನಲ್ಲಿ ಹಳೇ ನೋಟ್‌ಬುಕ್ ಹುಡುಕುವಾಗ ಒಂದು ಕನ್ನಡ ಕಂಪ್ಯೂಟರ್ ಪುಸ್ತಕ ಸಿಕ್ಕಿತು. 2003ರಲ್ಲೋ ಏನೋ ಹೊಸಪೇಟೆಯಲ್ಲಿ ಕೊಂಡದ್ದು, ವಿಂಡೋಸ್ 98ರ ಕಾಲದ್ದು. ಮುಂದೆ ಎಂದಾದ್ರೂ ಬೇಕಾದೀತು ಅಂತ ತಂದು ಹತ್ತು ಪುಟವೂ ಓದಿರಲಿಲ್ಲ. ತೆರೆದು ನೋಡಿದರೆ, ಒಂದೇ ಹಾರ್ಡ್ ಡಿಸ್ಕನ್ನು ಸಿ, ಡಿ ಅಂತ ಭಾಗ ಮಾಡಬಹುದು ಅಂತ ಚಿತ್ರ ಬರೆದು ಹೇಳಿದ್ದಾರೆ. ಪರದೆಯ ಚಿತ್ರಗಳೆಲ್ಲ ಈಗ ಕೆಲಸಕ್ಕೆ ಬಾರದವು. ಆ ಒಂದು ಚಿತ್ರ ಮಾತ್ರ ಇವತ್ತಿಗೂ ಅಷ್ಟೇ ಸರಿ. ಇಪ್ಪತ್ತು ವರ್ಷದಿಂದ ನನ್ನ ಟ್ರಂಕಿನಲ್ಲೇ ಇತ್ತು.

ನೆಟ್ಟು ಉಳಿಸಿದ್ದು

ಇಲ್ಲಿಗೇ ನಿಲ್ಲಿಸಿದರೆ ಪುಸ್ತಕ ಒಳ್ಳೇದು, ವಿಡಿಯೊ ಕೆಟ್ಟದ್ದು ಅಂತ ಆಗಿಬಿಡುತ್ತದೆ. ಹಾಗಿಲ್ಲ. ಮುಂದೆ ಆದದ್ದನ್ನೂ ಹೇಳಬೇಕು.

ನಮ್ಮ ಓಣಿಯ ಒಬ್ಬ ಹುಡುಗ ಡಿಪ್ಲೊಮಾ ಓದುತ್ತಾನೆ. ಅಳಿಸಿದ ಮಾರನೇ ದಿನ ಅವನಿಗೆ ಫೋನ್ ಮಾಡಿದೆ. ಅವನು ಅಲ್ಲಲ್ಲಿ ಇಂಟರ್ನೆಟ್ಟಿನಲ್ಲಿ ಓದಿ ತಿರುಗಿ ಮಾಡಿದ.

"ಮಾವಾ, ಮೊದಲು ಕಂಪ್ಯೂಟರ್ ಬಂದ್ ಮಾಡ್ರಿ. ಮತ್ತೆ ಚಾಲೂ ಮಾಡಬ್ಯಾಡ್ರಿ. ಒಂದಕ್ಷರ ಬರೀಬ್ಯಾಡ್ರಿ ಅದರಾಗ."

ಕಾರಣ ಆಮೇಲೆ ತಿಳಿಸಿದ. ಅಳಿಸು ಅಂದಾಗ ಕಂಪ್ಯೂಟರು ಒಳಗಿನ ಬರಹವನ್ನೆಲ್ಲ ಉಜ್ಜಿ ಹಾಕೋದಿಲ್ಲ. ಯಾವುದು ಎಲ್ಲಿದೆ ಅನ್ನೋ ಪಟ್ಟಿಯನ್ನಷ್ಟೇ ಹರಿದು ಹಾಕುತ್ತದೆ. ಹೊಲ ಹರಗಿದರೂ ಕೆಳಗೆ ಬಿದ್ದ ಬೀಜ ಇದ್ದೇ ಇರುತ್ತದಲ್ಲ, ಹಾಗೆ. ಮೇಲೆ ಹೊಸದು ಬಿತ್ತಿದಷ್ಟು ಜಾಗದಲ್ಲಿ ಮಾತ್ರ ಹಳೇದು ಸಾಯುತ್ತದೆ. ನಮ್ಮದು ಹಳೇ ನಮೂನೆಯ ತಿರುಗೋ ಡಿಸ್ಕ್ ಆದ್ದರಿಂದ ಇದು ಸಾಧ್ಯ. ಈಗ ಬರುವ ಎಸ್‌ಎಸ್‌ಡಿ ಆಗಿದ್ದರೆ ಆಸೆ ಇರಲಿಲ್ಲ ಅಂದ.

ಡಿಸ್ಕ್ ಬಿಚ್ಚಿ ಅವನ ಕಂಪ್ಯೂಟರಿಗೆ ಹಾಕಿ ಫೋಟೊರೆಕ್ ಅನ್ನೋ ತಂತ್ರಾಂಶ ಓಡಿಸಿದ. ಅದೂ ಪುಕ್ಕಟೆ. ರಾತ್ರಿಯೆಲ್ಲ ಓಡಿತು. ಬೆಳಿಗ್ಗೆ ಸಾವಿರಗಟ್ಟಲೆ ಫೈಲುಗಳು, ಒಂದಕ್ಕೂ ಹೆಸರಿಲ್ಲ, ಬರೇ ನಂಬರು. ಆ ತಂತ್ರಾಂಶ ಹೆಸರು ಉಳಿಸೋದಿಲ್ಲ, ಒಳಗಿನ ಬರಹದ ಆಕಾರ ನೋಡಿ ಇದು ಚಿತ್ರ, ಇದು ಲೆಕ್ಕದ ಹಾಳೆ ಅಂತ ಗುರುತು ಹಿಡಿಯುತ್ತದೆ ಅಷ್ಟೆ. ಮೂರು ದಿನ ಕೂತು ಲೆಕ್ಕದ ಹಾಳೆಗಳನ್ನು ಒಂದೊಂದಾಗಿ ತೆರೆದೆವು. ಎರಡು ಮಳೆ ಹಾಳೆ ಸಿಕ್ಕವು. ಯಾವ ವರ್ಷದ್ದು ಅಂತ ಒಳಗೆ ಬರೆದಿರಲಿಲ್ಲ, ನಾನು ವರ್ಷವನ್ನು ಫೈಲಿನ ಹೆಸರಿನಲ್ಲಿ ಮಾತ್ರ ಇಟ್ಟಿದ್ದೆ. ಒಂದರಲ್ಲಿ ಆಗಸ್ಟ್ ತಿಂಗಳ ಉದ್ದಕ್ಕೂ ಸೊನ್ನೆ, ಸೊನ್ನೆ, ಸೊನ್ನೆ. ಅದನ್ನು ಗುರುತು ಹಿಡಿಯಲು ಹೆಸರು ಬೇಕಾಗಲಿಲ್ಲ. 2023. ರಾಜ್ಯದ 223 ತಾಲೂಕುಗಳನ್ನು ಬರ ಅಂತ ಸಾರಿದ ವರ್ಷ. ಇನ್ನೊಂದು ಮಳೆ ಜೋರಿದ್ದ 2022. ಉಳಿದ 2021, 2024, 2025 ಸಿಗಲೇ ಇಲ್ಲ. ಸಂಘದ ಹಣದ ಲೆಕ್ಕವನ್ನು ಬ್ಯಾಂಕ್ ಪಾಸ್‌ಬುಕ್, ಸದಸ್ಯರ ಕೈಪುಸ್ತಕ ಜೋಡಿಸಿ ಎರಡು ತಿಂಗಳಲ್ಲಿ ಮತ್ತೆ ಕಟ್ಟಿದೆವು. ಬಿದ್ದ ಮಳೆಗೆ ಪಾಸ್‌ಬುಕ್ ಇಲ್ಲ.

ಈ ಫೋಟೊರೆಕ್ ವಿಷಯ ಹೊಸಪೇಟೆಯ ಯಾವ ಪುಸ್ತಕದಂಗಡಿಯಲ್ಲೂ ನನಗೆ ಆ ದಿನ ಸಿಗುತ್ತಿರಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಪುಸ್ತಕ ಓದೋಕಾಗೋದಿಲ್ಲ, ಯಾರಾದ್ರೂ ಬಂದು ಇಂಥಾ ಕಡೆ ನೀರು ಹಾಕು ಅನ್ನಬೇಕು. ಆದರೆ ಹುಡುಗನಿಗೆ ಅದು ಸಿಕ್ಕಿದ್ದು ಯಾಕೆ? 'ಪಾರ್ಟಿಷನ್', 'ಓವರ್‌ರೈಟ್' ಅನ್ನೋ ಹೆಸರುಗಳು ಅವನಿಗೆ ಗೊತ್ತಿದ್ದವು. ನಾನು ಹುಡುಕಿದ್ದರೆ 'ಡಿ ಕಾಣಿಸ್ತಿಲ್ಲ' ಅಂತ ಕೇಳುತ್ತಿದ್ದೆ, ಇನ್ಯಾವುದೋ ವಿಡಿಯೊ ಬಂದು ಇನ್ನೇನನ್ನೋ ಒತ್ತಿಸುತ್ತಿತ್ತು. ಇಂಟರ್ನೆಟ್ಟು ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಏನು ಕೇಳಬೇಕು ಅಂತ ಹೇಳಿಕೊಡೋದಿಲ್ಲ. ಹೆಸರುಗಳನ್ನು ಸಾಲಾಗಿ, ಒಂದರ ಹಿಂದೆ ಒಂದು ಕಲಿಸೋದು ಪುಸ್ತಕ.

ಕಾಸರಗೋಡಿನಿಂದ ಬಂದ ಪಾಠ

ಹಾಗಾದರೆ ಲಿನಕ್ಸ್ ಕಲಿಯೋಕೆ ಕನ್ನಡ ಪುಸ್ತಕ ಎಲ್ಲಿ? ಇಂಗ್ಲಿಷಿನವು ಗೋಣಿ ಚೀಲದ ತೂಕ. ಇದೇ ಪತ್ರಿಕೆಯ ಒಬ್ಬ ಓದುಗರು, ಕಾಸರಗೋಡು ಕಡೆಯ ಅಡಿಕೆ ಬೆಳೆಗಾರರು, ಫೋನಿನಲ್ಲಿ ಮಾತಾಡುವಾಗ "ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವುದೇ ಲಿನಕ್ಸ್ ಮಾರಾಯ್ರೇ" ಅಂದರು. ನನಗೆ ನಂಬಿಕೆ ಬರಲಿಲ್ಲ. ನಿಜ. ಕೇರಳ ಸರ್ಕಾರ 2001ರಲ್ಲಿ ಐಟಿ ಅಟ್ ಸ್ಕೂಲ್ ಅಂತ ಯೋಜನೆ ಶುರು ಮಾಡಿತು, ಈಗ ಅದರ ಹೆಸರು ಕೈಟ್. ಅಲ್ಲಿನ ಶಾಲೆಗಳಲ್ಲಿ ಉಬುಂಟು ಅನ್ನೋ ಲಿನಕ್ಸಿನಿಂದ ತಯಾರಿಸಿದ ವ್ಯವಸ್ಥೆಯೇ ನಡೆಯುತ್ತದೆ. ನಾನು ಹಾಕಿದ ಮಿಂಟ್ ಕೂಡ ಉಬುಂಟುವಿನ ಮಗುವೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಅದರ ಪಠ್ಯಪುಸ್ತಕ ಕನ್ನಡದಲ್ಲೇ ಇದೆ.

ಅವರು ಎಂಟನೇ ತರಗತಿಯ ಪುಸ್ತಕ ಕಳಿಸಿದರು. ಹೇಗೆ? ಮೊಬೈಲಿಗೆ, ಪಿಡಿಎಫ್ ಆಗಿ! ಅಲ್ಲಿಗೆ ಪುಸ್ತಕವೋ ನೆಟ್ಟೋ ಅನ್ನೋ ಜಗಳವೇ ಅರ್ಧ ಮುಗಿಯಿತು ನೋಡಿ. ಹೊಸಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಎರಡೂ ಮಗ್ಗುಲು ತೆಗೆಸಿ ದಾರ ಹಾಕಿ ಹೊಲಿಸಿದೆ. ಮೊಬೈಲ್ ಪರದೆಯಲ್ಲಿ ನನ್ನ ಕಣ್ಣಿಗೆ ಓದೋಕಾಗೋದಿಲ್ಲ, ಕರೆಂಟ್ ಹೋದಾಗ ಹಾಳೆ ಆರಿಹೋಗೋದಿಲ್ಲ. ಅಲ್ಲದೆ ಹಾಳೆ ಕಂಪ್ಯೂಟರಿನ ಪಕ್ಕ ತೆರೆದಿಟ್ಟರೆ ಪರದೆ ಪೂರ್ತಿ ಕೆಲಸಕ್ಕೆ ಸಿಗುತ್ತದೆ. ಬೆರಳಿಟ್ಟು ಓದಬಹುದು. ವಿಡಿಯೊಕ್ಕೆ ಬೆರಳಿಟ್ಟರೆ ಅದು ಮುಂದಕ್ಕೆ ಓಡುತ್ತದೆ.

ಎಂಟನೇ ತರಗತಿ ಮಕ್ಕಳ ಪುಸ್ತಕ ಅಂತ ಸಂಕೋಚ ಪಡಲಿಲ್ಲ. ನಾನು ಏಳರಲ್ಲಿ ನಿಲ್ಲಿಸಿದ್ದೆ, ಮುಂದಿನದು ಎಂಟೇ ತಾನೆ. ಚಿತ್ರ, ಪತ್ರ, ಲೆಕ್ಕದ ಹಾಳೆ ಹೀಗೆ ಮಾಡುತ್ತಾ ಮಾಡುತ್ತಾ ಕಡತ, ಕಡತಕೋಶ, ಉಳಿಸು ಅನ್ನೋ ಮಾತುಗಳು ಕೈಗೆ ಹತ್ತಿದವು. ಒಂದು ತೊಡಕು ಇದೆ. ಅದರ ಪರದೆಯ ಚಿತ್ರ ನಮ್ಮ ಮಿಂಟಿನ ಪರದೆಗೆ ಹೊಂದೋದಿಲ್ಲ. ಇದಕ್ಕೆ ಎರಡು ದಿನ ತಲೆ ಕೆಡಿಸಿಕೊಂಡೆ, ಆಮೇಲೆ ಅಭ್ಯಾಸ ಆಯಿತು.

ಇನ್ನೊಂದು ತೊಡಕು ನಾನೇ ತಂದುಕೊಂಡದ್ದು. ಹುರುಪಿನಲ್ಲಿ ಕಂಪ್ಯೂಟರಿನ ಭಾಷೆಯನ್ನೇ ಕನ್ನಡಕ್ಕೆ ಬದಲಿಸಿದೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಬಂತು. ಪುಸ್ತಕಕ್ಕೆ ಹೊಂದಿತು, ಆದರೆ ನೆಟ್ಟಿನಲ್ಲಿ ಯಾರೇ ಏನೇ ಹೇಳಿದರೂ ಇಂಗ್ಲಿಷ್ ಹೆಸರು ಹೇಳುತ್ತಾರೆ, ಅದು ನನ್ನ ಪರದೆಯಲ್ಲಿಲ್ಲ. ಅದಕ್ಕೆ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಬರೆದುಕೊಂಡೆ. ನಲವತ್ತು ಮಾತಿನಲ್ಲಿ ಕೆಲಸ ಮುಗಿಯಿತು. ಕನ್ನಡ ಟೈಪಿಂಗಿಗೆ ಮಾತ್ರ ಏನೂ ಕಷ್ಟ ಆಗಲಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮವೇ ಕಗಪ ಅನ್ನೋ ಹೆಸರಿನಲ್ಲಿ ಲಿನಕ್ಸಿನೊಳಗೆ ಇದೆ. ನಮ್ಮ ಹಂಪಿ ಕನ್ನಡ ವಿಶ್ವವಿದ್ಯಾಲಯ 2013ರಲ್ಲಿ ನಾಡೋಜ ಕೊಟ್ಟದ್ದು ಇದೇ ರಾಯರಿಗೆ.

ಎರಡರ ನಡುವಿನದು

ವಿಡಿಯೊಗಳಲ್ಲೂ ಒಂದು ಬಗೆಯವು ನನಗೆ ಹಿಡಿಸಿದವು. ಮುಂಬಯಿಯ ಐಐಟಿಯವರ ಸ್ಪೋಕನ್ ಟ್ಯುಟೋರಿಯಲ್ ಅಂತ ಇದೆ. ಹತ್ತು ನಿಮಿಷದ ಆಸುಪಾಸಿನ ಪಾಠಗಳು, ಕನ್ನಡ ಧ್ವನಿ. ಇಳಿಸಿಟ್ಟುಕೊಂಡರೆ ನೆಟ್ಟು ಇಲ್ಲದೆಯೂ ನಡೆಯುತ್ತವೆ. ಒಂದರ ಮೇಲೊಂದು ಕ್ರಮವಾಗಿ ಇವೆ, ಬರಹವೂ ಜೊತೆಗಿದೆ. ಅಂದರೆ ಪುಸ್ತಕದ ಗುಣ ಇರೋ ವಿಡಿಯೊ. ನಿಲ್ಲಿಸಿ, ಅದನ್ನೇ ಮಾಡಿ ನೋಡಿ, ಮುಂದೆ ಹೋಗಬೇಕು. ಹಳೇ ಉಬುಂಟುವಿನ ಮೇಲೆ ಮಾಡಿದವು, ಹಾಗಾಗಿ ಚಿತ್ರ ಬೇರೆ ಕಾಣಬಹುದು. ಆದರೆ ಕಪ್ಪು ಪರದೆಯಲ್ಲಿ ಅಕ್ಷರ ಹೊಡೆದು ಮಾಡುವ ಆಜ್ಞೆಗಳು ಅವೇ.

ಆಜ್ಞೆ ಅಂದ ಕೂಡಲೇ ನೆನಪಾಯಿತು. ಲಿನಕ್ಸಿನ ಹೊಟ್ಟೆಯೊಳಗೇ ಒಂದು ಪುಸ್ತಕ ಇದೆ. ಇದರ ಅಜ್ಜ ಯುನಿಕ್ಸ್. ಅದನ್ನು ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಕಟ್ಟಿದ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಇಬ್ಬರೂ 1971ರ ನವೆಂಬರಿನಲ್ಲೇ ಅದರ ಕೈಪಿಡಿ ಬರೆದಿಟ್ಟರು. ಆ ಪದ್ಧತಿ ಹಾಗೇ ಬಂದಿದೆ. 'ಮ್ಯಾನ್' ಅಂತ ಹೊಡೆದು ಪಕ್ಕದಲ್ಲಿ ಆಜ್ಞೆಯ ಹೆಸರು ಹೊಡೆದರೆ ಅದು ಏನು ಮಾಡುತ್ತದೆ ಅಂತ ತೋರಿಸುತ್ತದೆ, ನೆಟ್ಟು ಬೇಕಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿರುವ ಆವೃತ್ತಿಯದೇ ವಿವರ. ಇಂಗ್ಲಿಷು ಬಿಗಿ ಇದೆ, ಮಗಳ ಹತ್ತಿರ ಮೇಲಿನ ನಾಲ್ಕು ಸಾಲು ಮಾತ್ರ ಓದಿಸುತ್ತೇನೆ. 'ಆರ್‌ಎಂ' ಅಂತ ಹೊಡೆದರೆ ಫೈಲು ಕಸದಬುಟ್ಟಿಗೂ ಹೋಗದೆ ನೇರ ಮಾಯ ಆಗುತ್ತದೆ ಅಂತ ಮೊದಲೇ ತಿಳಿದುಕೊಂಡೆ. ಈ ಸಲ ಒತ್ತುವ ಮೊದಲು.

ನೆಟ್ಟಿನಲ್ಲಿ ಕಂಡ ಆಜ್ಞೆಯ ಮುಂದೆ 'ಸೂಡೊ' ಅಂತ ಇದ್ದರೆ ಇನ್ನೂ ಹುಷಾರು. ಅದು ಯಜಮಾನನ ಅಧಿಕಾರ ಕೊಡುವ ಮಾತು. ಗುರುತಿಲ್ಲದವನು ಹೇಳಿದ ಅಂತ ಅದನ್ನು ಹೊಡೆಯೋದು ಖಾಲಿ ಸ್ಟಾಂಪ್ ಪೇಪರಿಗೆ ಹೆಬ್ಬೆಟ್ಟು ಒತ್ತಿದ ಹಾಗೆ.

ಹಾಗಂತ ನೆಟ್ಟು ಬಿಟ್ಟಿಲ್ಲ. ಸಂಘದ ಪ್ರಿಂಟರು ಮಿಂಟಿನಲ್ಲಿ ಅಕ್ಷರ ಮೂಡಿಸಲಿಲ್ಲ. ಯಾವ ಪುಸ್ತಕದಲ್ಲೂ ನಮ್ಮ ಪ್ರಿಂಟರಿನ ನಂಬರು ಇರೋದಿಲ್ಲ. ಆ ನಂಬರು, ಮಿಂಟಿನ ಆವೃತ್ತಿ ಎರಡೂ ಸೇರಿಸಿ ಹುಡುಕಿದಾಗ ಹತ್ತು ನಿಮಿಷಕ್ಕೆ ಪರಿಹಾರ ಸಿಕ್ಕಿತು. ಈಗ ಏನೇ ನೋಡಿದರೂ ಮೂರು ವಿಷಯ ಗಮನಿಸುತ್ತೇನೆ: ಯಾವ ವರ್ಷದ್ದು, ಯಾವ ಆವೃತ್ತಿಯದ್ದು, ಕೆಟ್ಟರೆ ಏನಾಗುತ್ತದೆ ಅಂತ ಹೇಳುತ್ತಾನಾ ಇಲ್ಲವಾ. ಮೂರನೆಯದು ಹೇಳುವವರು ಕಡಿಮೆ.

ಮಗಳ ತಕರಾರು

ಮಗಳು ಮಾತ್ರ ಇದನ್ನು ಒಪ್ಪೋದಿಲ್ಲ. ಅವಳು ಒಂದು ಪುಸ್ತಕವನ್ನೂ ಮುಟ್ಟದೆ ವಿಡಿಯೊ ನೋಡಿಯೇ ನನಗಿಂತ ಹೆಚ್ಚು ಕಲಿತಿದ್ದಾಳೆ. "ಅಪ್ಪಾ, ಒತ್ತಿ ನೋಡಿದ್ರೇನೇ ಕಲಿಯೋದು. ನಿಂಗೆ ಹೆದರಿಕಿ ಅಷ್ಟೆ" ಅಂತಾಳೆ. ಅವಳ ಮಾತಿನಲ್ಲೂ ಹುರುಳಿದೆ. ಆದರೆ ಅವಳು ಕೆಡಿಸಿ ಕೆಡಿಸಿ ಕಲಿತದ್ದು ತನ್ನ ಫೋನಿನ ಮೇಲೆ, ಅದರಲ್ಲಿ ಇದ್ದದ್ದು ಹಾಡು. ನನ್ನದರಲ್ಲಿ ಹನ್ನೆರಡು ಮನೆಯ ಲೆಕ್ಕ ಇತ್ತು. ಹೊಸ ತಳಿ ಬಂದರೆ ನಾವು ಒಂದು ಸಾಲು ಹಾಕಿ ನೋಡುತ್ತೇವೆ, ಆರೂ ಎಕರೆಗೆ ಸುರಿಯೋದಿಲ್ಲ. ಕಂಪ್ಯೂಟರಿನಲ್ಲೂ ಆ ಒಂದು ಸಾಲಿಗೆ ಜಾಗ ಇದೆ ಅಂತ ತಿಳಿದದ್ದು ಆಮೇಲೆ. ಮಿಂಟನ್ನು ಪೆನ್ ಡ್ರೈವಿನಿಂದಲೇ ಓಡಿಸಿ ನೋಡಬಹುದು. ಒಳಗಿನ ಡಿಸ್ಕಿಗೆ ಹಾಕು ಅಂತ ನಾವೇ ಹೇಳುವ ತನಕ ಅದು ಡಿಸ್ಕನ್ನು ಬದಲಿಸೋದಿಲ್ಲ. ಹದಿನಾಲ್ಕು ನಿಮಿಷದ ವಿಡಿಯೊದಲ್ಲಿ ಈ ಹಂತ ಬಂದು ಹೋಗಿತ್ತು, ಮೂರು ಸೆಕೆಂಡು. ಹುಡುಗ ಅಲ್ಲಿ ನಿಲ್ಲಲಿಲ್ಲ, ನಾನೂ ನಿಲ್ಲಲಿಲ್ಲ.

ಈಗ ಸಂಘದ ಲೆಕ್ಕದ ಒಂದು ಪ್ರತಿ ಪೆನ್ ಡ್ರೈವಿನಲ್ಲಿ ಪಕ್ಕದ ಹೊಲದ ಅಣ್ಣನ ಮನೆಯಲ್ಲಿದೆ, ತಿಂಗಳಿಗೊಮ್ಮೆ ಹೊಸದು ಮಾಡುತ್ತೇವೆ. ಮಳೆ ಲೆಕ್ಕ ಮತ್ತೆ ನೋಟ್‌ಬುಕ್ಕಿಗೆ ಬಂದಿದೆ. ಕಂಪ್ಯೂಟರಿಗೆ ಭಾನುವಾರ ಏರಿಸುತ್ತೇನೆ, ಹಾಳೆಯ ಒಳಗೆ ಮೇಲ್ಗಡೆ ವರ್ಷ ಬರೆದು. ಕಳೆದುಹೋದ ಮೂರು ವರ್ಷಗಳಿಗೆ ಮೂರು ಪುಟ ಖಾಲಿ ಬಿಟ್ಟಿದ್ದೆ. ಪಕ್ಕದ ಅಣ್ಣನಿಗೆ ಮೊನ್ನೆ ತಮ್ಮ ಗೋಡೆಯ ಹಳೇ ಕ್ಯಾಲೆಂಡರು ಸಿಕ್ಕಿದೆ. 2024ರ ಜೂನ್, ಜುಲೈ ಎರಡು ತಿಂಗಳು ಅವರು ನನಗೆ ಫೋನ್ ಮಾಡುವ ಮೊದಲು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದರಂತೆ. ಅಷ್ಟನ್ನು ಆ ಪುಟಕ್ಕೆ ಇಳಿಸಿದ್ದೇನೆ.